ಪದವಿಚಾರ: ಎಲ್ಲೆ ದಾಟಿದ ನಡಿಗೆ

ಮದುವೆಯ ಚಪ್ಪರದಲ್ಲಿ ಕುಳಿತ ಇಂಗ್ಲಿಷ್ ಬಲ್ಲ ತರುಣರ ಬಾಯಲ್ಲಿ ‘ಎಕ್ಸ್‌ಟ್ರಾವಗನ್ಸ್’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ನಿಘಂಟನ್ನು ತೆರೆದರೆ ದುಂದುವೆಚ್ಚ, ಅಪವ್ಯಯ ಎಂಬ ಅರ್ಥಗಳು ದೊರೆಯುತ್ತವೆ. ಅದು ಸರಿಯೆ. ಆದರೆ ಹುಟ್ಟಿದಾಗ ಈ ಪದಕ್ಕೆ ಹಣದ ಸೋಂಕೇ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಎಕ್ಸ್‌ಟ್ರಾ’ ಎಂದರೆ ಹೊರಗೆ, ‘ವಗಾರಿ’ ಎಂದರೆ ಅಲೆದಾಡುವುದು. ಎಲ್ಲೆಯ ಆಚೆಗೆ ಅಲೆಯುವುದೇ ಮೂಲಾರ್ಥ. ಅಲೆಮಾರಿಯನ್ನು ಸೂಚಿಸುವ ‘ವ್ಯಾಗಬಾಂಡ್’ ಇದೇ ಬಳ್ಳಿಯ ಕಾಯಿ. ಗ್ರೇಷಿಯನ್ ಎಂಬ ಪಂಡಿತನು ಸುಮಾರು 1140ರಲ್ಲಿ ಕ್ರೈಸ್ತ ಧರ್ಮಶಾಸನಗಳ ಸಂಕಲನವೊಂದನ್ನು ಸಿದ್ಧಪಡಿಸಿದನು. ಅದರಲ್ಲಿ ಸೇರದೆ ಹೊರಗುಳಿದ ಪೋಪರ ಆದೇಶಪತ್ರಗಳಿಗೆ ‘ಎಕ್ಸ್‌ಟ್ರಾವಗಾಂಟೆಸ್’ ಎಂಬ ಹೆಸರಾಯಿತು. ಅವುಗಳಲ್ಲಿ ದುಂದೂ ಇರಲಿಲ್ಲ, ದೋಷವೂ ಇರಲಿಲ್ಲ. ಕಟ್ಟಿನೊಳಗೆ ಸೇರಿರಲಿಲ್ಲ, ಅಷ್ಟೆ. ಮುಂದೆ ಇಂತಹ ಕೆಲವು ಪತ್ರಗಳು ಅಧಿಕೃತ ಸಂಕಲನದೊಳಗೇ ಸೇರಿದವು, ಹೆಸರು ಮಾತ್ರ ಅಳಿಯಲಿಲ್ಲ. ಮನೆಯೊಳಗೆ ಬಂದು ಕುಳಿತವನನ್ನೂ ಅಲೆಮಾರಿಯೆಂದೇ ಕೂಗಿದಂತಾಯಿತು!

ಸುಮಾರು 1600ರಲ್ಲಿ ರಚಿತವಾದ ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯದಲ್ಲಿ, ಕೋಳಿ ಕೂಗಿದೊಡನೆ ಅಲೆಯುವ ಪ್ರೇತಗಳು ತಮ್ಮ ನೆಲೆಗೆ ಧಾವಿಸುತ್ತವೆಂದು ಹೇಳುವಲ್ಲಿ ಷೇಕ್ಸ್‌ಪಿಯರನು ಪ್ರೇತಕ್ಕೆ ಈ ವಿಶೇಷಣವನ್ನೇ ಬಳಸಿದ್ದಾನೆ. ಆದರೆ 1755ರಲ್ಲಿ ಜಾನ್ಸನ್ನನು ತನ್ನ ನಿಘಂಟನ್ನು ಪ್ರಕಟಿಸುವ ವೇಳೆಗೆ ಈ ಮೂಲಾರ್ಥವು ಬಳಕೆ ತಪ್ಪಿತ್ತು. ಕಾಲಿನ ಅಲೆದಾಟವು ಮಾತಿಗೂ ನಡತೆಗೂ ಏರಿ, ಅಲ್ಲಿಂದ ಕೈಯ ಥೈಲಿಗೆ ಇಳಿದಿತ್ತು.

ನಮ್ಮ ‘ವ್ಯಯ’ವೂ ನಡಿಗೆಯ ಮಾತೇ. ಸಂಸ್ಕೃತದಲ್ಲಿ ‘ಇ’ ಧಾತುವಿಗೆ ಹೋಗು ಎಂಬ ಅರ್ಥ. ‘ಆ’ ಸೇರಿದರೆ ಒಳಗೆ ಬಂದದ್ದು ಆಯ, ‘ವಿ’ ಸೇರಿದರೆ ಅಗಲಿ ಹೋದದ್ದು ವ್ಯಯ. ಆದರೆ ವ್ಯಯದಲ್ಲಿ ಹೋಗುವುದಷ್ಟೇ ಇದೆ, ನಿಂದೆಯಿಲ್ಲ. ಇಂಗ್ಲಿಷ್ ಪದದಲ್ಲಿ ಒಂದು ಎಲ್ಲೆಯೂ ಅಡಗಿದೆ. ಆದ್ದರಿಂದ ಮೊತ್ತ ದೊಡ್ಡದಾದ ಮಾತ್ರಕ್ಕೆ ಅದು ಸಲ್ಲದು. ಉಳ್ಳವರು ಮಗಳ ವಿದ್ಯೆಗೆಂದು ಲಕ್ಷಗಟ್ಟಲೆ ತೆತ್ತರೆ ಅದು ವೆಚ್ಚ. ಹೊಲವನ್ನು ಒತ್ತೆಯಿಟ್ಟು ಊರಿಗೆಲ್ಲ ಬೀಗರ ಊಟ ಹಾಕಿಸಿದರೆ, ಮೊತ್ತ ಅದಕ್ಕಿಂತ ಕಿರಿದಾದರೂ, ಎಕ್ಸ್‌ಟ್ರಾವಗನ್ಸ್. ಮನೆಯಾಕೆ ಒಂದು ಸೀರೆ ಕೊಂಡೊಡನೆ ಈ ಪದವನ್ನು ಎಸೆಯುವ ಯಜಮಾನರು, ಆ ಎಲ್ಲೆಯನ್ನು ಯಾರು, ಯಾವಾಗ, ಯಾರನ್ನು ಕೇಳಿ ಎಳೆದರೆಂಬುದನ್ನೂ ಹೇಳಬೇಕಾಗುತ್ತದೆ. ಹೊಲ ಒತ್ತೆ ಬಿದ್ದಾಗ ಇದೇ ಯಜಮಾನರಿಗೆ ಈ ಪದ ನೆನಪಾಗುವುದು ವಿರಳ.

ಪದಕ್ಕೆ ಹೊಗಳಿಕೆಯ ಮುಖವೂ ಇದೆ. ಇಟಲಿಯ ವಿವಾಲ್ದಿ ತನ್ನ 12 ಪಿಟೀಲು ಕೃತಿಗಳ ಗುಚ್ಛಕ್ಕೆ ‘ಲಾ ಸ್ಟ್ರಾವಗಾಂಜಾ’ ಎಂದು ಹೆಸರಿಟ್ಟನು. ಇಂಗ್ಲಿಷಿನ ‘ಎಕ್ಸ್‌ಟ್ರಾವಗಾಂಜಾ’ ಇದರ ಬಂಧು. 19ನೆಯ ಶತಮಾನದ ಲಂಡನ್ ರಂಗಭೂಮಿಯಲ್ಲಿ ಅದು ವೈಭವದ ಹಾಸ್ಯರೂಪಕಗಳ ಹೆಸರಾಗಿತ್ತು. ಈಗ ಅಂಗಡಿಗಳ ಜಾಹೀರಾತಿನಲ್ಲಿ ಗಿರಾಕಿಗಳನ್ನು ಕೈಬೀಸಿ ಕರೆಯುತ್ತಿದೆ.

ಅನುವಾದಿಸುವವರಿಗೆ ಒಂದು ಮಾತು. ಹೊಗಳಿಕೆಗೆ ‘ಎಕ್ಸ್‌ಟ್ರಾವಗಂಟ್’ ಎಂಬ ವಿಶೇಷಣವಿದ್ದಲ್ಲಿ ‘ದುಂದು ಹೊಗಳಿಕೆ’ ಎಂದು ಬರೆದರೆ ಕನ್ನಡವಾಗದು. ‘ಮೇರೆ ಮೀರಿದ ಹೊಗಳಿಕೆ’ ಎಂದರೆ ಅರ್ಥವೂ ಉಳಿಯುತ್ತದೆ, ಮೂಲದ ನಡಿಗೆಯೂ ಉಳಿಯುತ್ತದೆ.