ನೀರು ಕೊಡುವ ದಿನವನ್ನು ಗೊತ್ತುಮಾಡಬೇಕಾದವರು ಯಾರು?

ಬೇಸಾಯದ ಪತ್ರಿಕೆಯಲ್ಲಿ ಬಾಹ್ಯಾಕಾಶದ ಮಾತೇಕೆ ಎಂದು ಓದುಗ ರೈತರು ಕೇಳಬಹುದು. ಕಾರಣವಿದೆ. ನಮ್ಮ ಹೊಲಗಳಿಗೂ ನಾವು ವಿಜ್ಞಾನಿಗಳು ಬರೆದುಕೊಡುವ ಶಿಫಾರಸುಗಳಿಗೂ ಸಂಬಂಧಪಟ್ಟ ಒಂದು ಪಾಠ ಅಲ್ಲಿಂದ ಬಂದಿದೆ.

ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಿದೆ. 2000ದ ನವೆಂಬರ್ ತಿಂಗಳಿನಿಂದ ಅಲ್ಲಿ ಮನುಷ್ಯರಿಲ್ಲದ ದಿನವಿಲ್ಲ. ಸಾಮಾನ್ಯವಾಗಿ ಏಳು ಮಂದಿಯ ಸಂಸಾರ. ಬಾವಿಯಿಲ್ಲ, ಸಂತೆಯಿಲ್ಲ. ಉಣ್ಣುವ ಪ್ರತಿ ತುತ್ತೂ ಸರಕುನೌಕೆಗಳಲ್ಲಿ ಕೆಳಗಿನಿಂದಲೇ ಹೋಗಬೇಕು. ನೀರು ತೆಗೆದು ಒಣಗಿಸಿದ ಆಹಾರಕ್ಕೆ ಅಲ್ಲಿ ಬಿಸಿನೀರು ಸೇರಿಸಿ ಉಣ್ಣುತ್ತಾರೆ. ಬ್ರೆಡ್ಡಿನ ಚೂರುಗಳು ತೇಲಿಹೋಗಿ ಯಂತ್ರಗಳೊಳಗೆ ಸೇರಬಾರದೆಂದು ನಮ್ಮ ಚಪಾತಿಯಂಥ ತೆಳುರೊಟ್ಟಿಯನ್ನು ಬಳಸುತ್ತಾರೆ. ಉಪ್ಪನ್ನೂ ಪುಡಿಯಾಗಿ ಉದುರಿಸುವಂತಿಲ್ಲ. ನೀರಿನಲ್ಲಿ ಕರಗಿಸಿಯೇ ಹಾಕಿಕೊಳ್ಳಬೇಕು.

ನೀರಿನ ಲೆಕ್ಕವಂತೂ ಇನ್ನೂ ಬಿಗಿ. ಒಬ್ಬರಿಗೆ ದಿನಕ್ಕೆ ಸುಮಾರು ನಾಲ್ಕು ಲೀಟರು ಸಾಕು; ಕುಡಿಯಲು, ಅಡುಗೆಗೆ, ಮೈ ಒರೆಸಿಕೊಳ್ಳಲು ಎಲ್ಲಕ್ಕೂ ಸೇರಿ. ಉಸಿರಿನ ತೇವ, ಬೆವರು, ಮೂತ್ರ ಇವನ್ನೆಲ್ಲ ಹಿಡಿದು ಶುದ್ಧಮಾಡಿ ಮತ್ತೆ ಕುಡಿಯುತ್ತಾರೆ. ಹೀಗೆ ನೂರಕ್ಕೆ 98 ಭಾಗ ನೀರನ್ನು ಮರಳಿ ಪಡೆಯುವುದು ಸಾಧ್ಯವಾಗಿದೆಯೆಂದು ಅಮೆರಿಕದ ನಾಸಾ ಸಂಸ್ಥೆ 2023ರಲ್ಲಿ ಪ್ರಕಟಿಸಿತು.

ಈ ಲೆಕ್ಕವನ್ನೆಲ್ಲ ಇಡುವವರು ಭೂಮಿಯ ಮೇಲಿನ ನಿಯಂತ್ರಣ ಕೇಂದ್ರದವರು. ಮೇಲಿನವರು ಏಳುವ ಹೊತ್ತು, ವ್ಯಾಯಾಮದ ಹೊತ್ತು, ಮಾಡಬೇಕಾದ ಕೆಲಸ ಎಲ್ಲವೂ ಅವರ ವೇಳಾಪಟ್ಟಿಯಂತೆ. ಈ ವ್ಯವಸ್ಥೆ ಎಷ್ಟು ಗಟ್ಟಿಯೆಂಬುದಕ್ಕೆ ಒಂದು ನಿದರ್ಶನ ಸಾಕು. 2014ರ ಅಕ್ಟೋಬರಿನಿಂದ 2015ರ ಜೂನ್‌ವರೆಗಿನ ಎಂಟು ತಿಂಗಳಲ್ಲಿ ಮೂರು ಸರಕುನೌಕೆಗಳು ನಿಲ್ದಾಣ ತಲುಪದೆ ನಾಶವಾದವು. ಆದರೂ ಯಾರೂ ಉಪವಾಸ ಬೀಳಲಿಲ್ಲ. ತಿಂಗಳುಗಟ್ಟಲೆಯ ದಾಸ್ತಾನು ಮೊದಲೇ ಅಲ್ಲಿತ್ತು. ಕಾಳು ಮನೆಗೆ ಬಂದೊಡನೆ ಮುಂದಿನ ಸುಗ್ಗಿಯವರೆಗಿನ ಲೆಕ್ಕ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಕರಾರುವಾಕ್ಕಾದ ವ್ಯವಸ್ಥೆಯೂ ಒಂದು ಕಡೆ ಸೋತಿತು. ಸೋತದ್ದು ಆರು ಗಿಡಗಳ ಮುಂದೆ.

ನಿಲ್ದಾಣದಲ್ಲಿ 'ವೆಜ್ಜಿ' ಎಂಬ ಪುಟ್ಟ ಬೆಳೆಪೆಟ್ಟಿಗೆಯಿದೆ. ದಿಂಬಿನಂಥ ಚೀಲಗಳಲ್ಲಿ ಸುಟ್ಟ ಜೇಡಿಮಣ್ಣಿನ ಹರಳು, ನಿಧಾನವಾಗಿ ಕರಗುವ ಗೊಬ್ಬರ. ಸೂರ್ಯನ ಬದಲು ವಿದ್ಯುದ್ದೀಪ. 2015ರ ಆಗಸ್ಟ್‌ನಲ್ಲಿ ಅದರಲ್ಲಿ ಬೆಳೆದ ಕೆಂಪು ಲೆಟ್ಯೂಸ್ ಸೊಪ್ಪನ್ನು ಗಗನಯಾತ್ರಿಗಳು ತಿಂದರು. ಆಮೇಲೆ ಜಿನಿಯಾ ಹೂವಿನ ಗಿಡಗಳನ್ನು ಬೆಳೆಸಿದರು. ತೂಕವಿಲ್ಲದ ಆ ಸ್ಥಿತಿಯಲ್ಲಿ ನೀರು ಕೆಳಗೆ ಬಸಿಯುವುದಿಲ್ಲ. ಬೇರಿಗೆ ಅಂಟಿಕೊಂಡು ಗಾಳಿಯಾಡದಂತೆ ಮಾಡುತ್ತದೆ. ಡಿಸೆಂಬರಿನಲ್ಲಿ ನೀರು ಹೆಚ್ಚಾಗಿ ಎಲೆಗಳಿಗೆ ಬೂಷ್ಟು ಹಿಡಿಯಿತು. ಫ್ಯಾನಿನ ವೇಗ ಹೆಚ್ಚಿಸಿದ್ದರಿಂದ ಗಿಡಗಳು ಅತಿಯಾಗಿ ಒಣಗತೊಡಗಿದವು. ನೀರಿನ ದಿನ ಇನ್ನೂ ಬಂದಿಲ್ಲವೆಂದು ವೇಳಾಪಟ್ಟಿ ಹೇಳುತ್ತಿತ್ತು. ಗಿಡ ಬೇರೆಯೇ ಹೇಳುತ್ತಿತ್ತು. ಅಲ್ಲಿದ್ದ ಸ್ಕಾಟ್ ಕೆಲ್ಲಿ ಅವರು, ಮನೆಯ ಹಿತ್ತಲಿನಲ್ಲಿ ಹುಲ್ಲನ್ನು ನೋಡಿ ನೀರು ಹಾಕುವಂತೆ ಇಲ್ಲಿಯೂ ತಾವೇ ನೋಡಿ ತೀರ್ಮಾನಿಸಬೇಕೆಂಬ ಅಭಿಪ್ರಾಯವನ್ನು ಕೆಳಗಿನವರಿಗೆ ತಿಳಿಸಿದರು.

ಕೆಳಗಿನ ವಿಜ್ಞಾನಿಗಳು ಆಗ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾಗಿದೆ. ದಿನ ಲೆಕ್ಕದ ಪಟ್ಟಿಯನ್ನು ಬದಿಗಿಟ್ಟು, ಗಿಡದ ಆರೈಕೆಯ ಮುಖ್ಯ ತತ್ವಗಳನ್ನು ಒಂದೇ ಪುಟದಲ್ಲಿ ಬರೆದು ಕಳುಹಿಸಿ, ಉಳಿದದ್ದನ್ನು ಕೆಲ್ಲಿಯವರ ಕಣ್ಣಿಗೆ ಬಿಟ್ಟರು. ಕೆಲವು ಗಿಡಗಳು ಸತ್ತವು. ಉಳಿದವುಗಳಲ್ಲಿ 2016ರ ಜನವರಿಯಲ್ಲಿ ಹೂ ಅರಳಿತು.

ಇದನ್ನು ಓದಿದಾಗ ನನ್ನದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಮೆಣಸಿನಕಾಯಿ ಬೇಸಾಯದ ಕರಪತ್ರವೊಂದರಲ್ಲಿ ಹತ್ತು ದಿನಕ್ಕೊಮ್ಮೆ ನೀರು ಕೊಡಬೇಕೆಂದು ಬರೆದಿದ್ದೆ. ಕಪ್ಪು ಭೂಮಿಯ ಒಬ್ಬ ರೈತರ ಹೊಲಕ್ಕೆ ಹೋದಾಗ ಗಿಡಗಳು ಹಳದಿಯಾಗಿ ಬೇರು ಕೊಳೆತಿದ್ದವು. ಕೇಳಿದರೆ, "ಮಳಿ ಆಗಿತ್ರಿ ಸಾಹೇಬ್ರ, ಆದ್ರ ನೀವು ಬರದಂಗ ಹತ್ತು ದಿನ ತುಂಬಿತ್ತಲ್ರಿ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ತಂದೆಯಾಗಿದ್ದರೆ ಮಣ್ಣಿನ ಹದ ನೋಡದೆ ಮಡೆ ತೆರೆಯುತ್ತಿರಲಿಲ್ಲ. ನನ್ನ ಕರಪತ್ರ ಆ ಹದವನ್ನು ಕಲಿಸುವ ಬದಲು ಮರೆಸಿತ್ತು.

ಶಿಫಾರಸುಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಆ ಒಂದು ಪುಟದ ತಿಳಿವಳಿಕೆ ಇಲ್ಲದಿದ್ದರೆ ಬರಿಯ ಸ್ವಾತಂತ್ರ್ಯದಿಂದ ಕೆಲ್ಲಿಯವರ ಗಿಡಗಳೂ ಉಳಿಯುತ್ತಿದ್ದವೋ ಇಲ್ಲವೋ. ಬೀಜದ ಪ್ರಮಾಣ, ಗೊಬ್ಬರದ ಪ್ರಮಾಣ, ಔಷಧಿಯ ಅಳತೆ ಇವು ಪ್ರಯೋಗಗಳಿಂದ ಗೊತ್ತಾಗತಕ್ಕವು. ಇವುಗಳಲ್ಲಿ ಅಂದಾಜು ಸಲ್ಲದು. ಆದರೆ ನೀರು ಕೊಡುವ ದಿನವನ್ನು ಮಣ್ಣು, ಮಳೆ, ಗಾಳಿ, ಬೆಳೆಯ ವಯಸ್ಸು ಸೇರಿ ಗೊತ್ತುಮಾಡುತ್ತವೆ. ಇವನ್ನೆಲ್ಲ ಒಟ್ಟಿಗೆ ನೋಡಬಲ್ಲವರು ಬದುವಿನ ಮೇಲೆ ನಿಂತವರು ಮಾತ್ರ. ಆದ್ದರಿಂದ ನಾವು ವಿಜ್ಞಾನಿಗಳು ದಿನಗಳನ್ನು ಕಡಿಮೆ ಬರೆದು ಕಾರಣಗಳನ್ನು ಹೆಚ್ಚು ಬರೆಯಬೇಕು.

ರೈತರ ಕಡೆಯಿಂದಲೂ ಒಂದು ಕೆಲಸವಾಗಬೇಕು. ಕರೆಂಟು ಬಂದಿದೆ, ಕಾಲುವೆ ಸರದಿ ಬಂದಿದೆ ಎಂಬ ಕಾರಣಕ್ಕೇ ನೀರು ಬಿಡುವುದೂ ಕುರುಡು ಲೆಕ್ಕವೇ. ಮೊದಲು ಗೇಣುದ್ದ ಮಣ್ಣು ಬಗೆದು ಬೇರಿನ ಬಳಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿರಿ. ಉಂಡೆಯಾಗಿ ನಿಂತು ಬೆರಳಿಗೆ ತೇವ ತಾಕಿದರೆ ಕಾಯಬಹುದು. ಉಂಡೆಯಾಗದೆ ಉದುರಿದರೆ ನೀರಿನ ಹೊತ್ತು ಬಂದಿದೆ.

2025ರ ಜೂನ್-ಜುಲೈನಲ್ಲಿ ನಮ್ಮ ಶುಭಾಂಶು ಶುಕ್ಲಾ ಅವರು ಇದೇ ನಿಲ್ದಾಣದಲ್ಲಿದ್ದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು ಮತ್ತು ಮೆಂತ್ಯದ ಬೀಜಗಳನ್ನು ಅಲ್ಲಿ ಮೊಳಕೆ ಬರಿಸಿದರು. ನಮ್ಮ ಹೊಲದ ಕಾಳು ಅಷ್ಟು ಎತ್ತರಕ್ಕೆ ಹೋದದ್ದು ಹೆಮ್ಮೆಯ ಸಂಗತಿ. ಅಲ್ಲಿಯ ತಿಳಿವಳಿಕೆಯೂ ನಮ್ಮ ಹೊಲಕ್ಕೆ ಇಳಿದು ಬರಲಿ. ಆರು ಗಿಡಗಳ ಒಬ್ಬ ಒಕ್ಕಲಿಗನನ್ನು ನಂಬಲು ನಾಸಾದವರು ಹಿಂಜರಿಯಲಿಲ್ಲ. ಆರು ಎಕರೆಯ ಒಕ್ಕಲಿಗನನ್ನು ನಂಬಲು ನಾವೇಕೆ ಹಿಂಜರಿಯಬೇಕು?