ಜ್ವರ ನಿಜ; ಚೀಟಿ ಎಲ್ಲಿ ಸ್ವಾಮಿ?

ಅಜ್ಜಂಪುರಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳುವ ಕಾಲ ಹೋಯಿತು. ಅಮೃತಮಹಲ್ ದನಗಳ ಊರು, ಈರುಳ್ಳಿಯ ಊರು, ರೈಲು ನಿಲ್ಲುವ ಊರು ಎಂದಷ್ಟೇ ಹೇಳಿಕೊಳ್ಳುತ್ತಿದ್ದವರು ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತು, ‘ಮಗಳು ಡೆಲ್ಲಿಯಲ್ಲಿದ್ದಾಳೆ, ನಾಳೆ ಬೆಳಗಿನ ಫ್ಲೈಟು’ ಅನ್ನುತ್ತಾರೆ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಸಾಮಾನ್ಯರನ್ನೂ ವಿಮಾನ ಹತ್ತಿಸಿದರು. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆ ನಿಲ್ದಾಣದ ಉದ್ಘಾಟನೆಯಾಗಿ, ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದು ಇಳಿಯಿತು. ತರೀಕೆರೆ, ಭದ್ರಾವತಿ ದಾಟಿದರೆ ವಿಮಾನ!

ಟಿಕೆಟ್ಟು ತೆಗೆಯುವುದನ್ನು ಜನ ಬೇಗ ಕಲಿತರು. ಆದರೆ ಟಿಕೆಟ್ಟು ತೆಗೆದಮೇಲೆ ಕಾಯಿಲೆ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ.

ಕಿರಾಣಿ ಅಂಗಡಿಯವರೊಬ್ಬರು ಎಂದಿಟ್ಟುಕೊಳ್ಳಿ. ಮೊಮ್ಮಗುವಿನ ನಾಮಕರಣಕ್ಕೆ ಗಂಡ ಹೆಂಡತಿ ಇಬ್ಬರೂ ಡೆಲ್ಲಿಗೆ ಹೊರಡಬೇಕು. ಎರಡು ತಿಂಗಳು ಮೊದಲೇ, ಅಗ್ಗಕ್ಕೆ ಸಿಕ್ಕಿತೆಂದು ಟಿಕೆಟ್ಟು ತೆಗೆದಿದ್ದಾರೆ. ಹೊರಡುವ ಹಿಂದಿನ ದಿನ ಯಜಮಾನರಿಗೆ ಮೈ ಸುಡುವ ಜ್ವರ, ಕೀಲು ಕೀಲು ನೋವು. ಡಾಕ್ಟರ ಹತ್ತಿರ ಹೋದರು, ಇಂಜೆಕ್ಷನ್ ತಗೊಂಡರು, ದುಡ್ಡು ಕೊಟ್ಟರು, ಮನೆಗೆ ಬಂದು ಹೊದ್ದು ಮಲಗಿದರು. ಕೈಯಲ್ಲಿ ಮಾತ್ರೆ ಬರೆದ ಒಂದು ತುಂಡು ಕಾಗದ. ಅದರಲ್ಲಿ ಹೆಸರಿಲ್ಲ, ತಾರೀಖಿಲ್ಲ. ಅದೂ ಮೆಡಿಕಲ್ ಸ್ಟೋರಿನಲ್ಲೇ ಉಳಿಯಿತು.

ವಿಮಾನ ಹಾರಿತು. ಎಂಟು ದಿನ ಕಳೆದು ಮೈ ಹಗುರವಾದಮೇಲೆ ದುಡ್ಡಿನ ನೆನಪಾಯಿತು. ಕಂಪನಿಯವರು ಕೇಳಿದ್ದು ಒಂದೇ ಮಾತು: ‘ಮೆಡಿಕಲ್ ಸರ್ಟಿಫಿಕೇಟ್ ಇದೆಯಾ?’ ಯಜಮಾನರು ಮತ್ತೆ ಡಾಕ್ಟರ ಬಾಗಿಲಿಗೆ ಓಡಿದರು.

‘ಸಾರ್, ಹೋದ ವಾರ ಬಂದಿದ್ನಲ್ಲ, ಒಂದು ಸರ್ಟಿಫಿಕೇಟ್ ಬರ್ಕೊಡಿ.’

‘ಹೋದ ವಾರದ ತಾರೀಖು ಹಾಕಿ ಇವತ್ತು ಹೇಗೆ ಬರೆದುಕೊಡಲಿ? ಅವತ್ತೇ ಕೇಳಬಾರದಿತ್ತಾ?’

ಇಬ್ಬರ ಮಾತೂ ಸರಿ. ಆದರೆ ಸಾವಿರಗಟ್ಟಲೆ ರೂಪಾಯಿ ಮುಳುಗಿದ್ದು ಯಜಮಾನರದು.

ಬಸ್ಸು, ರೈಲಿಗೆ ಈ ತಾಪತ್ರಯವಿಲ್ಲ. ಬಸ್ಸಿಗೆ ಹತ್ತದಿದ್ದರೆ ಆಯಿತು. ರೈಲಿನ ಟಿಕೆಟ್ಟನ್ನು ವೇಳೆಯೊಳಗೆ ರದ್ದು ಮಾಡಿದರೆ ಇಷ್ಟೆಂದು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ; ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳುವುದಿಲ್ಲ. ವಿಮಾನದ ಅಗ್ಗದ ಟಿಕೆಟ್ಟಿನ ದಾರಿಯೇ ಬೇರೆ. ಅಲ್ಲಿ ರದ್ದತಿ ಶುಲ್ಕವೇ ಹೆಚ್ಚು ಕಡಿಮೆ ಟಿಕೆಟ್ಟನ್ನು ನುಂಗುತ್ತದೆ. ರಿಯಾಯಿತಿ ಬೇಕಾದರೆ ಕಾಯಿಲೆ ನಿಜವೆಂದು ಕಾಗದದಲ್ಲಿ ತೋರಿಸಬೇಕು.

ಜ್ವರ ಇದ್ದರೂ ಹೋಗಿಬಿಟ್ಟರೆ ಆಯಿತಲ್ಲ ಅನ್ನುವ ಗಟ್ಟಿಗರೂ ಇದ್ದಾರೆ. ಅದು ಗಟ್ಟಿತನವಲ್ಲ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಂತೆ ಇರುವುದಿಲ್ಲ. ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಕೂತಂತೆ ಇರುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಂದರೆ ರೋಗಿಯನ್ನು ಮುಳ್ಳಯ್ಯನಗಿರಿಯ ತುದಿಗೆ ಹೊತ್ತು ಗಂಟೆಗಟ್ಟಲೆ ಕೂರಿಸಿದ ಲೆಕ್ಕ. ಆರೋಗ್ಯವಂತನಿಗೆ ಏನೂ ಆಗದು. ಹೃದಯದ ತೊಂದರೆ, ಉಸಿರಾಟದ ತೊಂದರೆ, ರಕ್ತಹೀನತೆ ಜೋರಾಗಿ ಇರುವವರಿಗೆ ಆಮ್ಲಜನಕ ಸಾಲದೆ ಹೋಗಬಹುದು. ಹೊಟ್ಟೆಯ ಆಪರೇಷನ್ ಆಗಿ ಕೆಲವೇ ದಿನ ಆಗಿದ್ದರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆಗೆ ಅಪಾಯ. ನೆಗಡಿಯಿಂದ ಕಿವಿ ಕಟ್ಟಿದವರಿಗೆ ಇಳಿಯುವಾಗ ಪ್ರಾಣ ಹೋದಂತೆ ನೋವು. ಸೀತಾಳೆ ಸಿಡುಬಿನಂಥ ಅಂಟುರೋಗವಾದರೆ ಅಕ್ಕಪಕ್ಕದವರಿಗೂ ಹರಡುತ್ತದೆ. ಹಾಗಾಗಿ ಕಾಯಿಲೆಯವರು ಪ್ರಯಾಣ ನಿಲ್ಲಿಸುವುದು ಅವರಿಗೂ ಒಳ್ಳೆಯದು, ವಿಮಾನದಲ್ಲಿ ಕೂತ ಉಳಿದವರಿಗೂ ಒಳ್ಳೆಯದು. ಹಾಗೆ ನಿಲ್ಲಿಸಿದವನಿಗೇ ದಂಡ ಬಿದ್ದರೆ, ಮುಂದಿನ ಸಲ ಅವನು ಜ್ವರದ ಮಾತ್ರೆ ನುಂಗಿಕೊಂಡೇ ಹತ್ತುತ್ತಾನೆ.

ಎರಡು ಕಾಗದ, ಎರಡು ಕೆಲಸ

ಇಲ್ಲಿ ಜನ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ‘ಇವರು ವಿಮಾನ ಪ್ರಯಾಣ ಮಾಡಬಾರದು’ ಎನ್ನುವ ಕಾಗದ ಬೇರೆ. ‘ಇವರು ಪ್ರಯಾಣ ಮಾಡಬಹುದು’ ಎನ್ನುವ ಫಿಟ್‌ನೆಸ್ ಕಾಗದ ಬೇರೆ. ಮೊದಲನೆಯದು ಟಿಕೆಟ್ಟು ರದ್ದು ಮಾಡುವವರಿಗೆ. ಎರಡನೆಯದು ಆಪರೇಷನ್ ಆದವರು, ಹೆಚ್ಚು ತಿಂಗಳು ತುಂಬಿದ ಗರ್ಭಿಣಿಯರು ಮುಂತಾದವರು ಹತ್ತುವ ಮೊದಲು ತೋರಿಸುವುದು. ಆಮ್ಲಜನಕ, ಸ್ಟ್ರೆಚರ್ ಬೇಕಾದವರಿಗೆ ಕಂಪನಿಯದೇ ಒಂದು ಫಾರಂ ಇರುತ್ತದೆ. ಅದನ್ನು ಚಿಕಿತ್ಸೆ ಕೊಟ್ಟ ಡಾಕ್ಟರು ತುಂಬಬೇಕು, ಕಂಪನಿಯ ಡಾಕ್ಟರು ಒಪ್ಪಬೇಕು.

ಮೊದಲೇ ಫಿಟ್‌ನೆಸ್ ಕಾಗದ ಮಾಡಿಸುವ ರೂಢಿ ಈ ಭಾಗಕ್ಕೆ ಹೊಸದಲ್ಲ. ಹಜ್‌ಗೆ ಹೋಗುವವರು ಸರ್ಕಾರಿ ಡಾಕ್ಟರ ಸರ್ಟಿಫಿಕೇಟ್ ಮಾಡಿಸುತ್ತಾರೆ. ಅಮರನಾಥಕ್ಕೆ ಹೋಗುವವರೂ ಮಾಡಿಸುತ್ತಾರೆ. ಹೊರಡುವುದಕ್ಕೆ ಕಾಗದ ಮಾಡಿಸುವ ಜನ, ನಿಲ್ಲುವುದಕ್ಕೂ ಕಾಗದ ಬೇಕು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಆ ಕಾಗದದಲ್ಲಿ ಏನಿರಬೇಕು? ರೋಗಿಯ ಹೆಸರು ಟಿಕೆಟ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ಟಿಕೆಟ್ಟಿನಲ್ಲಿ ಒಂದು ಹೆಸರು, ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಇದ್ದರೆ ಕೆಲಸ ಕೆಟ್ಟಿತು. ನೋಡಿದ ತಾರೀಖು, ಕಾಯಿಲೆ ಏನು, ಯಾವ ದಿನದಿಂದ ಯಾವ ದಿನದವರೆಗೆ ವಿಮಾನ ಪ್ರಯಾಣ ಕೂಡದು, ಡಾಕ್ಟರ ಸಹಿ, ಮೊಹರು, ನೋಂದಣಿ ಸಂಖ್ಯೆ, ಇಷ್ಟೂ ಇರಬೇಕು. ‘ವಿಶ್ರಾಂತಿ ಬೇಕು’ ಎಂದು ಬರೆದರೆ ಸಾಲದು. ‘ವಿಮಾನ ಪ್ರಯಾಣಕ್ಕೆ ಯೋಗ್ಯರಲ್ಲ’ ಎಂದೇ ಬರೆಸಬೇಕು. ಜೊತೆಗೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು, ಔಷಧಿ ಬಿಲ್ಲು ಎಲ್ಲವನ್ನೂ ಒಂದು ಕವರಿನಲ್ಲಿಟ್ಟು ಫೋಟೋ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯ, ವಿಮಾನ ಹೊರಡುವ ಮೊದಲೇ ಟಿಕೆಟ್ಟು ರದ್ದು ಮಾಡಿ ಕಂಪನಿಗೆ ತಿಳಿಸಬೇಕು. ಟಿಕೆಟ್ಟಿನ ಜೊತೆ, ಗೊತ್ತಿದ್ದೋ ಗೊತ್ತಿಲ್ಲದೆಯೋ, ವಿಮೆಯನ್ನೂ ಕೊಂಡಿರುವವರು ಉಂಟು. ಆ ವಿಮೆಯವರು ಕೇಳುವುದೂ ಇವೇ ಕಾಗದಗಳನ್ನು.

ಇದು ಡಾಕ್ಟರು ಮಾಡುವ ಉಪಕಾರವೇನೂ ಅಲ್ಲ. 2002ರ ವೈದ್ಯಕೀಯ ನಡತೆ ನಿಯಮಾವಳಿಯ ಪ್ರಕಾರ ವೈದ್ಯರು ತಾವು ಕೊಟ್ಟ ಸರ್ಟಿಫಿಕೇಟುಗಳಿಗೆ ಒಂದು ರಿಜಿಸ್ಟರ್ ಇಡಬೇಕು. ಅದರಲ್ಲಿ ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಮೈಮೇಲಿನ ಒಂದು ಗುರುತು ಇರಬೇಕು. ಸರ್ಟಿಫಿಕೇಟಿನ ನಕಲೂ ಇರಬೇಕು. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸುಳ್ಳು ಸರ್ಟಿಫಿಕೇಟ್ ಕೊಟ್ಟ ವೈದ್ಯರ ಹೆಸರನ್ನು ಪಟ್ಟಿಯಿಂದಲೇ ತೆಗೆಯಬಹುದು.

ಸುಳ್ಳಿನ ಸಂತೆ

ಅಸಲಿ ರೋಗ ಇರುವುದು ಇಲ್ಲಿಯೇ. ನಿಯಮ ಇಷ್ಟು ಬಿಗಿಯಾಗಿದ್ದರೂ ಮೆಡಿಕಲ್ ಸರ್ಟಿಫಿಕೇಟಿನ ಮರ್ಯಾದೆ ಯಾಕೆ ಮಣ್ಣುಪಾಲಾಯಿತು? ಮದುವೆಗೆ ಹೋಗಲು ರಜೆ ಬೇಕೆಂದು ಒಂದು, ಹುಡುಗನ ಹಾಜರಾತಿ ಕಮ್ಮಿಯಾಯಿತೆಂದು ಒಂದು, ಕೋರ್ಟಿಗೆ ಹೋಗದಿರಲು ಒಂದು. ಇಲ್ಲದ ಜ್ವರಕ್ಕೆ, ಇಲ್ಲದ ಬೆನ್ನುನೋವಿಗೆ ಚೀಟಿ ಬರೆಸಿಕೊಳ್ಳುವುದು ಎಷ್ಟೋ ಜನರಿಗೆ ಸುಳ್ಳು ಅಂತಲೇ ಅನ್ನಿಸುವುದಿಲ್ಲ. ‘ಏನೋ ಒಂದು ಬರ್ಕೊಡಿ ಸಾರ್’ ಅಂದರೆ ಮುಗಿಯಿತು. ಹೀಗೆ ಬರೆಸಿ ಬರೆಸಿ, ಬರೆದು ಬರೆದು, ಆ ಕಾಗದವನ್ನು ನೋಡಿದವರೆಲ್ಲ ಮೊದಲು ಅನುಮಾನ ಪಡುವ ಹಾಗಾಯಿತು. ತೋಳ ಬಂತು ತೋಳ ಎಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಕೂಗಿದವನು ಒಬ್ಬ, ಕುರಿ ಕಳೆದುಕೊಳ್ಳುವವನು ಇನ್ನೊಬ್ಬ. ನಿಜವಾಗಿ ಹಾಸಿಗೆ ಹಿಡಿದ ಅಂಗಡಿಯವನ ಕಾಗದವನ್ನೂ ಕಂಪನಿಯವರು ಓರೆಗಣ್ಣಿನಿಂದ ನೋಡುತ್ತಾರೆ.

ಹಾಗೆಂದು ಕಂಪನಿಗಳು ಹರಿಶ್ಚಂದ್ರರೇನಲ್ಲ. ಹಿಂತಿರುಗಿಸದ ಟಿಕೆಟ್ಟು ಎಂದು ಬರೆದಿದ್ದರೂ, ಪ್ರಯಾಣಿಕ ಹತ್ತದೇ ಹೋದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ವಾಪಸ್ ಕೊಡಲೇಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯ 2016ರಲ್ಲೇ ಆಜ್ಞೆ ಮಾಡಿದೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರಕೂಡದು. ಏಜೆಂಟರ ಹತ್ತಿರ ತೆಗೆದ ಟಿಕೆಟ್ಟಾದರೂ ದುಡ್ಡು ಹಿಂತಿರುಗಿಸುವ ಹೊಣೆ ಕಂಪನಿಯದೇ. ಇದಕ್ಕೆ ಡಾಕ್ಟರ ಚೀಟಿಯೂ ಬೇಡ. ಆದರೂ ಎಷ್ಟು ಜನ ಕೇಳುತ್ತಾರೆ? ‘ಹೋದರೆ ಹೋಯಿತು’ ಎಂದು ಕೈಬಿಡುವವರೇ ಹೆಚ್ಚು. ಒಂದು ರೂಪಾಯಿ ಚಿಲ್ಲರೆಗೆ ಕಂಡಕ್ಟರ ಜೊತೆ ಕಡೂರಿನವರೆಗೂ ವಾದ ಮಾಡುವವರು ಇಲ್ಲಿ ಸುಮ್ಮನಾಗುತ್ತಾರೆ!

ಮೂಲ ದರದ ಮಾತಿಗೆ ಬಂದರೆ ಕಾಯಿಲೆಯವರ ಅದೃಷ್ಟ ಒಂದು ಕ್ರಿಯಾಪದದ ಮೇಲೆ ನಿಂತಿದೆ. 2025ರ ನವೆಂಬರಿನಲ್ಲಿ ಮಹಾನಿರ್ದೇಶನಾಲಯ ಹೊರಡಿಸಿದ ಕರಡಿನಲ್ಲಿ, ವೈದ್ಯಕೀಯ ತುರ್ತಿನಿಂದ ಟಿಕೆಟ್ಟು ರದ್ದು ಮಾಡಿದವರಿಗೆ ಕಂಪನಿಗಳು ದುಡ್ಡು ವಾಪಸ್ ಕೊಡಬಹುದು, ಇಲ್ಲವೆ ಮುಂದಿನ ಪ್ರಯಾಣಕ್ಕೆ ಜಮಾ ಇಟ್ಟುಕೊಳ್ಳಬಹುದು ಎಂಬ ಮಾತಿತ್ತು. ‘ಬಹುದು’! ಸಾಲ ತೀರಿಸಬಹುದು ಎಂದು ಬ್ಯಾಂಕಿನವರು ಯಾವತ್ತಾದರೂ ನೋಟೀಸು ಕೊಟ್ಟದ್ದುಂಟೆ? ಬಡವನ ಬಾಕಿಗೆ ‘ಬೇಕು’, ಬಡವನ ಬರಬೇಕಾದ್ದಕ್ಕೆ ‘ಬಹುದು’. ತಕ್ಕ ಕಾಗದ ಕೊಟ್ಟವನಿಗೆ ‘ಕೊಡಬೇಕು’ ಅನ್ನುವುದೇ ನ್ಯಾಯ.

ಕೊಡಬೇಕಾದ್ದನ್ನು ಕಂಪನಿ ಕೊಡದಿದ್ದರೆ ದಾರಿ ಇಲ್ಲದಿಲ್ಲ. ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ಬರೆಸಬಹುದು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಕಂಪನಿಯ ಆಫೀಸು ಯಾವ ಊರಿನಲ್ಲೇ ಇರಲಿ, 2019ರ ಗ್ರಾಹಕ ಕಾಯಿದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಜ್ಜಂಪುರದವರಿಗೆ ಅಂದರೆ ಚಿಕ್ಕಮಗಳೂರು. ಆದರೆ ಅಲ್ಲೂ ಮೊದಲ ಪ್ರಶ್ನೆ ಅದೇ: ಕಾಗದ ಎಲ್ಲಿ?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಯಾಣಕ್ಕೆ ಯೋಗ್ಯ, ಅಯೋಗ್ಯ ಎಂದು ಬರೆದುಕೊಡುವ ಅಚ್ಚಿನ ಫಾರಂ ಇಡಲಿ. ಕೇಳಿದ ದಿನವೇ ಕೊಡಲಿ. ಖಾಸಗಿ ಡಾಕ್ಟರುಗಳು ತುಂಡು ಕಾಗದ ಬಿಟ್ಟು ಹೆಸರು, ತಾರೀಖು ಹಾಕಿದ ಚೀಟಿ ಕೊಡಲಿ. ಬೆಂಗಳೂರು, ಶಿವಮೊಗ್ಗದಿಂದ ಹಾರುವ ಕಂಪನಿಗಳು ತಮ್ಮ ಫಾರಂ, ಷರತ್ತುಗಳನ್ನು ಕನ್ನಡದಲ್ಲೂ ಅಚ್ಚು ಮಾಡಲಿ. ಟಿಕೆಟ್ಟು ಮಾಡಿಕೊಡುವ ಅಂಗಡಿಯವರು ದುಡ್ಡು ಎಣಿಸಿಕೊಳ್ಳುವಾಗಲೇ ಎರಡು ಮಾತು ಹೇಳಲಿ.

ಇನ್ನು ಸಾರ್ವಜನಿಕರ ಪಾಲಿಗೆ ಉಳಿದದ್ದು ಎರಡೇ. ಮೈ ಬಿಸಿಯಾದ ದಿನವೇ ಚೀಟಿ ಬರೆಸಿಕೊಳ್ಳಬೇಕು. ಮೈ ತಣ್ಣಗಿರುವ ದಿನ ಚೀಟಿ ಕೇಳಬಾರದು. ಎರಡನೆಯದನ್ನು ಊರು ಪಾಲಿಸಿದರೆ ಮೊದಲನೆಯದಕ್ಕೆ ತಾನಾಗಿ ಬೆಲೆ ಬರುತ್ತದೆ. ಸಂಬಂಧಪಟ್ಟವರು ಗಮನಿಸುವರೆ ಎಂದು ಕೇಳುವುದು ವಾಡಿಕೆ. ಈ ಸಲ ಸಂಬಂಧಪಟ್ಟವರಲ್ಲಿ ಓದುಗರೂ ಸೇರಿದ್ದಾರೆ.