ನಮ್ಮ ಹೆಸರಿನ ಕಾಗದ

ಅಂಚೆ ಪೆಟ್ಟಿಗೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರಸ್ತೆಯ ಮೂಲೆಯ ಕೆಂಪು ಡಬ್ಬಿ. ನಾನು ಹೇಳಹೊರಟಿರುವುದು ಅದರ ವಿಷಯವಲ್ಲ. ಕಾಗದ ಹಾಕುವ ಪೆಟ್ಟಿಗೆ ಊರಿಗೆಲ್ಲ ಸೇರಿದ್ದು. ಕಾಗದ ಪಡೆಯುವ ಪೆಟ್ಟಿಗೆಯೂ ಒಂದುಂಟು, ಅದು ಬಾಡಿಗೆ ಕೊಟ್ಟವರಿಗೆ ಮಾತ್ರ ಸೇರಿದ್ದು. ಪಟ್ಟಣದ ಅಂಚೆ ಕಚೇರಿಯಲ್ಲಿ ಅರ್ಜಿ, ಗುರುತಿನ ದಾಖಲೆ ಹಾಗೂ ಬಾಡಿಗೆಯ ಹಣ ಕೊಟ್ಟರೆ ಒಂದು ಪೋಸ್ಟ್ ಬಾಕ್ಸ್ ನಂಬರು ಸಿಗುತ್ತದೆ. ಆ ನಂಬರನ್ನೂ ಪಿನ್ ಕೋಡನ್ನೂ ಬರೆದ ಕಾಗದ ಮನೆಮನೆ ಅಲೆಯದೆ ಕಚೇರಿಯಲ್ಲೇ ನಿಲ್ಲುತ್ತದೆ. ಬಾಡಿಗೆದಾರರು ಹೋಗಿ ತೆಗೆದುಕೊಳ್ಳುತ್ತಾರೆ. ವ್ಯಾಪಾರದ ಸಂಸ್ಥೆಗಳೂ ಪತ್ರಿಕೆಗಳೂ ಬಹುಕಾಲದಿಂದ ಈ ಸೌಕರ್ಯವನ್ನು ಬಳಸಿವೆ. ನಮ್ಮಂಥ ವಿದ್ಯಾರ್ಥಿಗಳು, ಅದರಲ್ಲೂ ವಿದ್ಯಾರ್ಥಿನಿಯರು, ಇದನ್ನು ಬಳಸಬೇಕೆಂಬುದು ನನ್ನ ಅಭಿಪ್ರಾಯ.

ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಗೆಳತಿಯರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ನಮ್ಮ ಮನೆಗೆ ರಸ್ತೆಯಿಲ್ಲ, ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು. ಆದ್ದರಿಂದ ನಮ್ಮ ಕೇರಿಯ ಕಾಗದಗಳೆಲ್ಲ ರಸ್ತೆಬದಿಯ ದಿನಸಿ ಅಂಗಡಿಯಲ್ಲಿ ಇಳಿಯುತ್ತವೆ. ಅಲ್ಲಿಂದ ಯಾರ ಕೈಗೆ ಹೋಗುತ್ತವೆ, ಎಂದು ಹೋಗುತ್ತವೆ ಎಂಬುದು ಅವುಗಳ ಹಣೆಬರಹ. ಎರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ಬಂದ ಸಂದರ್ಶನದ ಕರೆಯೊಂದು ಆ ಅಂಗಡಿಯ ಬೆಲ್ಲದ ಡಬ್ಬದ ಹಿಂದೆ 9 ದಿನ ಕುಳಿತಿತ್ತು. ಸಂದರ್ಶನ 6ನೆಯ ದಿನಕ್ಕೇ ಮುಗಿದಿತ್ತು. ಕಾಗದ ಮನೆಗೆ ಬಂದಾಗ ಲಕೋಟೆ ಮಾತ್ರ ಆಗಲೇ ಒಡೆದಿತ್ತು! ಅಕ್ಕ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ.

ಲಕೋಟೆ ಒಡೆದವರನ್ನು ನಾನು ದೂರುವುದಿಲ್ಲ. ನಮ್ಮಲ್ಲಿ ಕಾಗದವೆಂಬುದು ಒಬ್ಬರ ಸೊತ್ತಾಗಿ ಎಂದೂ ಇರಲಿಲ್ಲ. ನಾಲ್ಕನೆಯ ತರಗತಿಯಿಂದಲೇ ನೆರೆಹೊರೆಯ ಕಾಗದಗಳನ್ನು ಓದಿ ಹೇಳುವ ಉದ್ಯೋಗ ನನಗೆ ಬಿದ್ದಿತ್ತು. ಸಹಕಾರಿ ಸಂಘಕ್ಕೆ ಯಾರ ಸಾಲ ಎಷ್ಟು, ಯಾರ ವಿಮೆಯ ಕಂತು ತಪ್ಪಿದೆ, ಯಾವ ಮನೆಯ ಮಗಳು ಗಂಡನ ಮೇಲೆ ಜೀವನಾಂಶಕ್ಕೆ ದಾವೆ ಹೂಡಿದ್ದಾಳೆ, ಎಲ್ಲವೂ ಹತ್ತು ವರ್ಷದ ಹುಡುಗಿಯ ಬಾಯಿಂದ ಅಂಗಳದಲ್ಲಿ ಕೇಳಿಬರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಕಾಗದ ಕೊಡುವ ಮುನ್ನ ಸುತ್ತ ನೋಡಿ, “ಸ್ವಲ್ಪ ಮೆಲ್ಲಗೆ ಓದು ಮಗಾ” ಎನ್ನುತ್ತಿದ್ದರು. ಗುಟ್ಟು ಬೇಕೆಂಬ ಆಸೆ ಅಕ್ಷರ ಬಾರದವರಿಗೂ ಇತ್ತು. ಅದಕ್ಕೆ ದಾರಿಯಿರಲಿಲ್ಲ, ಅಷ್ಟೆ. ನಮಗೆ ಅಕ್ಷರ ಬಂದಿದೆ. ಆದರೂ ನಮ್ಮ ಕಾಗದವನ್ನು ಬೇರೆಯವರೇ ಮೊದಲು ಓದುವುದಾದರೆ ನಾವು ಕಾಲೇಜಿನ ಮೆಟ್ಟಿಲು ಹತ್ತಿ ಪಡೆದುದೇನು?

ಕಾಯಿದೆಯೂ ಈ ವಿಷಯದಲ್ಲಿ ಬಹುಕಾಲ ಮನೆಯ ಯಜಮಾನನ ಕಡೆಗೇ ಇತ್ತೆನ್ನಬೇಕು. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯಲ್ಲಿ, ಕಾಗದವನ್ನು ವಿಳಾಸದಾರನ ಮನೆಯಲ್ಲಿ ಕೊಟ್ಟರೆ ಅದು ವಿಳಾಸದಾರನಿಗೇ ಕೊಟ್ಟಂತೆ ಎಂಬ ವಿಧಿಯಿತ್ತು. ಮನೆ ಬೇರೆ, ಮನೆಯೊಳಗಿನ ಮನುಷ್ಯ ಬೇರೆ ಎಂದು ಅದು ಎಣಿಸಿರಲಿಲ್ಲ. ಆ ಕಾಯಿದೆ ಹೋಗಿ, 2023ರ ಹೊಸ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂದಿದೆ; ಅಂಗಡಿಯ ಬೆಲ್ಲದ ಡಬ್ಬಕ್ಕೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಇನ್ನೊಂದನ್ನೂ ಬಲ್ಲರು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಏರ್ಪಡಿಸಿದ ಮೈಸೂರಿನ ಅಂಚೆಯಲ್ಲಿ ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟುಗಳನ್ನು ಅರಸರಿಗೆ ತಿಳಿಸುವವರೂ ಆಗಿದ್ದರು. ಆ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಗುಟ್ಟು ತಿಳಿಯುವ ಕೆಲಸವನ್ನು ಅನಂತರ ನೆಂಟರಿಷ್ಟರು ವಹಿಸಿಕೊಂಡರೆಂದು ಕಾಣುತ್ತದೆ.

“ಓದುವ ಹುಡುಗಿಗೆ ಮುಚ್ಚುಮರೆ ಏಕೆ?” ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆಯ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಅವರ ಮನಸ್ಸಿನಲ್ಲಿರುವುದು ಪ್ರೇಮಪತ್ರ. ಪ್ರೇಮಪತ್ರಕ್ಕಾಗಿ ಈ ಕಾಲದಲ್ಲಿ ಯಾರೂ ಪೆಟ್ಟಿಗೆ ಬಾಡಿಗೆಗೆ ಹಿಡಿಯಲಾರರು, ಅದಕ್ಕೆ ಮೊಬೈಲು ಸಾಕು. ಅಂಚೆಯಲ್ಲಿ ಈಗಲೂ ಬರುವುದು ಬೇರೆ ಬಗೆಯ ಕಾಗದ: ಬ್ಯಾಂಕಿನ ಪತ್ರ, ಸಣ್ಣ ಪತ್ರಿಕೆಯ ಸಂಚಿಕೆ, ಕೆಲಸದ ಕರೆ, ಸಂಪಾದಕರು ಹಿಂದಿರುಗಿಸಿದ ಕವಿತೆ. ಹಿಂದಿರುಗಿ ಬಂದ ಕವಿತೆಯನ್ನು ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುವ ಮನೆಯಲ್ಲಿ ಎರಡನೆಯ ಕವಿತೆ ಹುಟ್ಟುವುದು ಕಷ್ಟ. ಗುಟ್ಟೆಲ್ಲ ಪಾಪವೆಂದಾದರೆ ಅಪ್ಪನ ಟ್ರಂಕಿಗೆ ಬೀಗವೇಕೆ?

ಪೆಟ್ಟಿಗೆ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ನಮ್ಮ ಕರಾವಳಿಯಿಂದ ದುಬೈಗೆ ಹೋದವರ ಹಳೆಯ ಲಕೋಟೆಗಳನ್ನು ನೋಡಿರಿ. ಅಲ್ಲಿ ಮನೆಬಾಗಿಲಿಗೆ ಟಪಾಲು ತರುವ ರೂಢಿ ಇರಲಿಲ್ಲವಾಗಿ ಎಲ್ಲದರ ಮೇಲೂ ಪೋಸ್ಟ್ ಬಾಕ್ಸ್ ನಂಬರು. ಆದರೆ ಅದು ಸಾಮಾನ್ಯವಾಗಿ ಕಂಪನಿಯ ಪೆಟ್ಟಿಗೆ. ದೊಡ್ಡಮ್ಮ ಬರೆಸಿದ ಕಾಗದ ಮೊದಲು ಆಫೀಸಿನ ಗುಮಾಸ್ತರ ಮೇಜಿಗೆ, ಆಮೇಲೆ ದೊಡ್ಡಪ್ಪನಿಗೆ. ಕಾಲೇಜಿನ ವಿಳಾಸಕ್ಕೇ ತರಿಸಿಕೊಳ್ಳಿ ಎನ್ನುವವರಿಗೂ ನನ್ನ ಉತ್ತರ ಇದೇ. ಅಲ್ಲದೆ ಪದವಿ ಮುಗಿದ ಮರುದಿನ ಆ ವಿಳಾಸ ನಮ್ಮದಲ್ಲ, ಕೆಲಸದ ಅರ್ಜಿಗಳು ಹೊರಡುವುದೋ ಆಗಲೇ.

ಈ ಪೆಟ್ಟಿಗೆಯಿಂದ ಎಲ್ಲ ಕಷ್ಟವೂ ತೀರುತ್ತದೆಂದು ನಾನು ವಾದಿಸುವುದಿಲ್ಲ. ಖಾಸಗಿ ಕೊರಿಯರಿನವರು ಅದರಲ್ಲಿ ಏನನ್ನೂ ಹಾಕಲಾರರು. ವಾಸಸ್ಥಳದ ದಾಖಲೆ ಕೇಳುವ ಕಡೆ ಮನೆಯ ವಿಳಾಸವನ್ನೇ ಕೊಡಬೇಕು; ಪಾಸ್‌ಪೋರ್ಟಿನಂಥವು ಆ ವಿಳಾಸಕ್ಕೇ ಹೋಗುತ್ತವೆ. ಕಚೇರಿಯ ವೇಳೆಯಲ್ಲಿ ನಾವೇ ಹೋಗಿ ವಿಚಾರಿಸಬೇಕು. ಆದರೆ ದಿನವೂ ಬಸ್ಸಿಗಾಗಿ ಪಟ್ಟಣದಲ್ಲಿ ಮುಕ್ಕಾಲು ಗಂಟೆ ಕಾಯುವ ನಮಗೆ ಇದೊಂದು ಹೊರೆಯೇ? ಬಾಡಿಗೆಯೂ ಅಷ್ಟೆ, ತಿಂಗಳಿಗೆ ಭಾಗಿಸಿ ನೋಡಿದರೆ ಮೊಬೈಲಿಗೆ ನಾವು ಹಾಕಿಸುವ ಹಣದ ಮುಂದೆ ಏನೂ ಅಲ್ಲ.

ಅಧ್ಯಾಪಕವರ್ಗದವರಲ್ಲಿ ನನ್ನದೊಂದು ಬಿನ್ನಹ. ನಮ್ಮ ಪ್ರವೇಶದ ಅರ್ಜಿಯಲ್ಲಿ ‘ತಂದೆ ಅಥವಾ ಪೋಷಕರ ವಿಳಾಸ’ ಎಂದು ನಾಲ್ಕು ಗೆರೆ ಬಿಟ್ಟಿದ್ದಾರೆ. ಅದರ ಕೆಳಗೆ ‘ವಿದ್ಯಾರ್ಥಿಯ ವಿಳಾಸ, ಬೇರೆಯಾಗಿದ್ದಲ್ಲಿ’ ಎಂದು ಇನ್ನೊಂದು ಗೆರೆಯನ್ನು ಬರುವ ವರ್ಷದಿಂದ ಸೇರಿಸಲಿ. ಪಟ್ಟಣದ ಪೋಸ್ಟ್‌ಮಾಸ್ಟರರನ್ನು ಒಂದು ಮಧ್ಯಾಹ್ನ ಕಾಲೇಜಿಗೆ ಕರೆಸಿ ಅರ್ಜಿಯ ನಮೂನೆಗಳನ್ನು ತರಿಸಿದರೆ, ತುಂಬಿಕೊಡಲು ನಮ್ಮ ತರಗತಿಯಲ್ಲೇ ಏಳು ಜನ ಸಿದ್ಧರಿದ್ದೇವೆ.